ಜವನಗೊಂಡನಹಳ್ಳಿಯಿಂದ ದುರ್ಗದ ಗೋಡೆಯವರೆಗೆ

ಪ್ರವಾಸವೆಂದೊಡನೆ ನಮ್ಮ ಗೃಹಸ್ಥರ ಮನಸ್ಸು ಕಾಶಿ ರಾಮೇಶ್ವರಗಳ ಕಡೆಗೋ, ಊಟಿ ಮೈಸೂರುಗಳ ಕಡೆಗೋ ಹರಿಯುವುದು ಸಹಜ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೊರಟು, ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದ ಸ್ಥಳಗಳು ಮಾತ್ರ ಯಾರ ಲೆಕ್ಕಕ್ಕೂ ಬರುವುದಿಲ್ಲ. ಈ ತಪ್ಪು ನಮ್ಮಿಂದಲೂ ಬಹುಕಾಲ ನಡೆದಿದೆ. ಅದನ್ನು ತಿದ್ದಿಕೊಂಡ ಒಂದು ದಿನದ ಸಮಾಚಾರವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಜವನಗೊಂಡನಹಳ್ಳಿಯು ಚಿತ್ರದುರ್ಗ ಜಿಲ್ಲೆಯ ಹಿರಿಯೂರು ತಾಲ್ಲೂಕಿಗೆ ಸೇರಿದ ಒಂದು ಹೋಬಳಿಯ ಮುಖ್ಯ ಊರು. ಬೆಂಗಳೂರಿನಿಂದ ಪುಣೆಗೆ ಹೋಗುವ ಹೆದ್ದಾರಿಯಲ್ಲಿ, ಶಿರಾ ದಾಟಿದ ಮೇಲೆ, ಹಿರಿಯೂರು ಸಿಕ್ಕುವುದಕ್ಕೆ ಮುಂಚೆ ಬರುವುದು. ಇಷ್ಟುದ್ದದ ಹೆಸರನ್ನು ಪೂರಾ ಹೇಳುವ ತಾಳ್ಮೆ ಬಸ್ಸಿನವರಿಗಿಲ್ಲ. ಅವರ ಬಾಯಲ್ಲಿ ಅದು ಜೆ. ಜಿ. ಹಳ್ಳಿ. ಹಗಲೂ ರಾತ್ರಿಯೂ ಲಾರಿಗಳು ಊರಿನ ಪಕ್ಕದಲ್ಲೇ ಭೋರೆಂದು ಸಾಗುತ್ತಿರುತ್ತವೆ. ರಸ್ತೆಯಿಂದ ಒಳಕ್ಕೆ ಸರಿದರೆ ಶೇಂಗಾದ ಹೊಲ, ತೆಂಗಿನ ತೋಟ, ಮೇಕೆಗಳ ಹಿಂಡು, ಮಳೆಗಾಗಿ ಆಕಾಶ ನೋಡುವ ಜನ. ನೆಲವು ಬಹುಮಟ್ಟಿಗೆ ಸಮತಟ್ಟು. ಇಂತಹ ಬಯಲಿನಲ್ಲಿ ಕುಳಿತು ಹಿಮದ ಬೆಟ್ಟಗಳ ಮಾತು ಆಡಬೇಕಾಗಿ ಬಂದದ್ದು ಒಂದು ವಿಚಿತ್ರವೇ ಸರಿ.

ನಮ್ಮ ಅಕ್ಕನವರ ಮನೆ ಆ ಊರಿನಲ್ಲಿದೆ. ಕಳೆದ ಸಲ ಹೋದಾಗ, ಅವರ ಹನ್ನೆರಡು ವರ್ಷದ ಮೊಮ್ಮಗನು ರಾತ್ರಿ ಊಟವಾದ ಮೇಲೆ ಜಗಲಿಯಲ್ಲಿ ನಮ್ಮ ಪಕ್ಕಕ್ಕೆ ಬಂದು ಕುಳಿತು, ಮೊಬೈಲಿನಲ್ಲಿ ಒಂದು ಚಿತ್ರವನ್ನು ತೋರಿಸಿದನು. ಬೆಳ್ಳಗಿನ ಬೆಟ್ಟದ ತುದಿ. ಅದರ ಮೇಲೆ ಕಾಲಿಗೆ ಉದ್ದನೆಯ ಹಲಗೆಗಳನ್ನು ಕಟ್ಟಿಕೊಂಡ ಒಬ್ಬ ಮನುಷ್ಯ. ನೋಡುತ್ತಿದ್ದ ಹಾಗೆಯೇ ಅವನು ಗೋಡೆಯಂತಹ ಇಳಿಜಾರಿನಲ್ಲಿ ಜಾರಿಕೊಂಡು ಹೊರಟನು. ಬಂಡೆಗಳ ಸಂದಿಯಲ್ಲಿ ನುಸುಳಿ, ಗಾಳಿಯಲ್ಲಿ ಹಾರಿ, ಮತ್ತೆ ಹಿಮದ ಮೇಲೆ ನಿಂತು, ಕೆಳಗೆ ಕೆಳಗೆ ಇಳಿದುಬಿಟ್ಟನು. ಹುಡುಗನ ಕಣ್ಣು ಅರಳಿದ್ದವು. “ತಾತ, ಇಂಥೋರು ನಮ್ಮ ಕಡೆ ಯಾರೂ ಇಲ್ವಾ?” ಎಂದು ಕೇಳಿದನು.

ನಾವು ಉತ್ತರ ಹುಡುಕುತ್ತಿರುವಾಗ ಒಳಗಿನಿಂದ ಅಕ್ಕನ ಧ್ವನಿ ಬಂದಿತು: “ಯಾಕಿಲ್ಲ? ದುರ್ಗದಾಗೆ ಆ ಕೋತಿರಾಜ ಇಲ್ವೇನೋ! ಹಗ್ಗ ಇಲ್ದೆ ಕೋಟೆ ಗೋಡೆ ಹತ್ತೋನು.”

ಹಿಮಜಾರಾಟದಲ್ಲಿಯೂ ಕನ್ನಡ ನಾಡಿನವರು ಇಲ್ಲದೆ ಇಲ್ಲ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬ ತರುಣಿ ಕಾಶ್ಮೀರದ ಗುಲ್ಮಾರ್ಗದಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಚಿನ್ನದ ಪದಕ ಗೆದ್ದವರು. ಆದರೆ ಅವರದು ಹಿಮದ ಮೇಲೆ ಬಹುದೂರ ಸಾಗುವ ಓಟ. ಒಂದು ಹೆಜ್ಜೆ ತಪ್ಪಿದರೆ ಮತ್ತೊಂದು ಹೆಜ್ಜೆಯೇ ಇಲ್ಲವೆಂಬ ಸ್ಥಳದಲ್ಲಿ ಕಸುಬು ನಡೆಸುವವರನ್ನು ಹುಡುಕಿದರೆ, ಅಕ್ಕ ಹೇಳಿದ ಹೆಸರೇ ನಮಗೆ ಅತ್ಯಂತ ಹತ್ತಿರದ್ದು. ಮರುದಿನವೇ ಚಿತ್ರದುರ್ಗಕ್ಕೆ ಹೊರಡುವುದೆಂದು ನಿಶ್ಚಯವಾಯಿತು. ರೊಟ್ಟಿ, ಶೇಂಗಾ ಚಟ್ನಿಪುಡಿ, ಮೊಸರನ್ನಗಳ ಬುತ್ತಿ ಸಿದ್ಧವಾಯಿತು. ಬಾಗಿಲಲ್ಲಿ ನಿಂತು ಅಕ್ಕ ಮೊಮ್ಮಗನಿಗೆ, “ಕೋಟೆ ಮ್ಯಾಲೆ ಕೋತಿ ಆಟ ಆಡಬ್ಯಾಡ ಕಣಪ್ಪ” ಎಂದು ಎರಡು ಸಲ ಹೇಳಿದಳು. ಆ ಮಾತಿನ ಬೆಲೆ ನಮಗೆ ಗೊತ್ತಾದದ್ದು ಮಧ್ಯಾಹ್ನದ ಮೇಲೆ.

ಹಿರಿಯೂರಿನಲ್ಲಿ ವೇದಾವತಿಯನ್ನು ದಾಟಬೇಕು. ಈ ನದಿಗೆ ಮೇಲುಗಡೆ, ಎರಡು ಗುಡ್ಡಗಳ ನಡುವೆ, ಮಾರಿಕಣಿವೆಯ ಅಣೆಕಟ್ಟು ಇದೆ. ಮೈಸೂರು ಸಂಸ್ಥಾನದ ಕಾಲದಲ್ಲಿ 1907ರಲ್ಲಿ ಮುಗಿದ ಈ ಜಲಾಶಯಕ್ಕೆ ರಾಜಮಾತೆಯವರ ಗೌರವಾರ್ಥವಾಗಿ ವಾಣೀವಿಲಾಸ ಸಾಗರವೆಂದು ಹೆಸರಾಯಿತು. ಅದರ ಪೂರ್ಣಮಟ್ಟ 130 ಅಡಿ. 1933ರಲ್ಲಿ ಒಮ್ಮೆ ತುಂಬಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ; ನಡುವೆ 89 ವರ್ಷಗಳು. ಆ ನೀರನ್ನು ನೋಡಲು ಇಡೀ ಜಿಲ್ಲೆಯೇ ನೆರೆಯಿತು. 2025ರ ಜನವರಿಯಲ್ಲಿ ಮೂರನೆಯ ಸಲ ತುಂಬಿತು. ಅಪರೂಪದ ದೃಶ್ಯವೆಂದರೆ ಕೆಲಸ ಬಿಟ್ಟು ನೋಡಲು ನಿಲ್ಲುವುದು ನಮ್ಮ ಜನರ ಗುಣ. ಬಂಡೆ ಹತ್ತುವವನ ಸುತ್ತಲೂ ಜನ ಕೂಡುವುದು ಇದೇ ಗುಣದಿಂದಲೇ.

ಐಮಂಗಲ ದಾಟಿದ ಮೇಲೆ ನೆಲದ ಸ್ವರೂಪವು ಬದಲಾಗುತ್ತ ಹೋಗುವುದು. ಗುಡ್ಡಗಳ ಸಾಲು ಹತ್ತಿರವಾಗುತ್ತದೆ. ಅವುಗಳ ನೆತ್ತಿಯಲ್ಲಿ ಗಾಳಿಯಿಂದ ವಿದ್ಯುತ್ತನ್ನು ತೆಗೆಯುವ ಬಿಳಿಯ ಯಂತ್ರಗಳು ಮೂರು ಮೂರು ರೆಕ್ಕೆಗಳನ್ನು ತಿರುಗಿಸುತ್ತ ನಿಂತಿವೆ. ಮುಂದೆ ದುರ್ಗದ ಕಲ್ಲುಬೆಟ್ಟಗಳು ಕಾಣಿಸಿಕೊಂಡವು. ದೂರದಿಂದ ಅವು ಎಣ್ಣೆ ಹಚ್ಚಿ ಉಜ್ಜಿದ ಗುಂಡುಕಲ್ಲುಗಳಂತೆ ನುಣುಪಾಗಿ ತೋರುತ್ತಿದ್ದವು. “ಇದನ್ನ ಹೆಂಗೆ ಹತ್ತೋದು? ಹಿಡ್ಕೊಳ್ಳೋಕೇ ಏನೂ ಇಲ್ಲ” ಎಂದನು ಹುಡುಗ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ನಾವು ಹೇಳಿದೆವು. ಗಾದೆಯನ್ನು ಹೇಳುವುದು ಸುಲಭ. ಅದರೊಳಗಿನ ನಿಜವನ್ನು ಬೆರಳಿನಿಂದ ಮುಟ್ಟಿ ತಿಳಿದವರು ಕೆಲವರು ಮಾತ್ರ.

ಚಿತ್ರದುರ್ಗದ ಕೋಟೆಯನ್ನು ಏಳುಸುತ್ತಿನ ಕೋಟೆಯೆಂದೂ, ಕಲ್ಲಿನ ಕೋಟೆಯೆಂದೂ, ಉಕ್ಕಿನ ಕೋಟೆಯೆಂದೂ ಕರೆಯುವರು. ಈಗ ಅದು ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಬಾಗಿಲು ದಾಟಿ ಒಳಗೆ ಕಾಲಿಟ್ಟರೆ ದಾರಿಯು ನೇರವಾಗಿ ಹೋಗುವುದಿಲ್ಲ. ಥಟ್ಟನೆ ಪಕ್ಕಕ್ಕೆ ತಿರುಗುವುದು. ಮತ್ತೊಂದು ಬಾಗಿಲು, ಮತ್ತೊಂದು ತಿರುವು. ನುಗ್ಗಿ ಬರುವ ಶತ್ರುವಿನ ವೇಗವನ್ನು ಮುರಿಯಲು ಹೂಡಿದ ಉಪಾಯವಿದು. ಎರಡು ಪಕ್ಕದಲ್ಲಿಯೂ ಆಳೆತ್ತರಕ್ಕೆ ಮೂರು ನಾಲ್ಕು ಪಟ್ಟು ಎತ್ತರವಾದ ಗೋಡೆಗಳು. ಕಲ್ಲುಗಳನ್ನು ಕಡಿದು, ಒಂದರ ಮೈಗೆ ಇನ್ನೊಂದು ಕೂಡುವ ಹಾಗೆ ಹೊಂದಿಸಿ, ಗಾರೆಯ ಹಂಗಿಲ್ಲದೆ ಅಡುಕಿದ್ದಾರೆ. ಇವುಗಳ ಆಧಾರವಾದ ಬೆಟ್ಟದ ಕಲ್ಲಾದರೋ 250 ಕೋಟಿ ವರ್ಷಗಳಿಗೂ ಹಳೆಯದು. ನಾಯಕರು ಬೆಟ್ಟವನ್ನೇ ಗೋಡೆ ಮಾಡಿಕೊಂಡರು. ಬೆಟ್ಟ ಬಿಟ್ಟ ಎಡೆಯನ್ನು ಕಲ್ಲು ಕಟ್ಟಿ ಮುಚ್ಚಿದರು.

ಇಷ್ಟೆಲ್ಲ ಮಾಡಿದ್ದು ಏಕೆ? ಯಾರೂ ಹತ್ತಿ ಬರಬಾರದೆಂದು. ಆದರೂ ಬಂಡೆಗಳ ನಡುವಣ ಒಂದು ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ಒಬ್ಬೊಬ್ಬರಾಗಿ ನುಸುಳಿದರೆಂದೂ, ಕಾವಲುಗಾರನ ಹೆಂಡತಿ ಓಬವ್ವ ಒನಕೆ ಹಿಡಿದು ಅವರನ್ನು ಬಡಿದಳೆಂದೂ ನಾಡಿನ ಮಕ್ಕಳೆಲ್ಲರೂ ಬಲ್ಲರು. 1779ರಲ್ಲಿ ಮದಕರಿನಾಯಕನು ಸೆರೆಯಾಗಿ ದುರ್ಗವು ಹೈದರನ ವಶವಾಯಿತು. ಓಬವ್ವನ ಕಿಂಡಿಯಲ್ಲಿ ನಮ್ಮ ಹುಡುಗನೂ ನುಸುಳಿ ಬಂದನು. ನಾವು ಹೊಟ್ಟೆಯ ಕಾರಣದಿಂದ ಆ ಸಾಹಸಕ್ಕೆ ಹೋಗಲಿಲ್ಲ.

ಮನುಷ್ಯನು ಹತ್ತಬಾರದೆಂದು ಕಟ್ಟಿದ ಇದೇ ಗೋಡೆಗಳನ್ನು ಹತ್ತಿ ತೋರಿಸುವುದನ್ನೇ ಬಾಳುವೆ ಮಾಡಿಕೊಂಡವರು ಜ್ಯೋತಿರಾಜ್. ಜನರು ಇಟ್ಟ ಹೆಸರು ಕೋತಿರಾಜ. ಅವರ ಹುಟ್ಟು ತಮಿಳುನಾಡಿನ ಕಡೆಯದು. ಎಳೆಯ ವಯಸ್ಸಿನಲ್ಲಿಯೇ ಹೆತ್ತವರಿಂದ ಅಗಲಿ, ಪರರ ಆಶ್ರಯದಲ್ಲಿ ಬೆಳೆದು, ಅಲ್ಲಿಂದಲೂ ಹೊರಬಿದ್ದು, ಕೂಲಿನಾಲಿ ಮಾಡುತ್ತ ಚಿತ್ರದುರ್ಗಕ್ಕೆ ಬಂದರು. ಇಲ್ಲಿ ಕಟ್ಟಡದ ಕೆಲಸಕ್ಕೆ ಸೇರಿದರು. ಅವರೇ ಹಲವು ಸಲ ಹೇಳಿಕೊಂಡಿರುವಂತೆ, ಒಂದು ದಿನ ಬದುಕಿನಲ್ಲಿ ಪೂರಾ ಬೇಸರ ಹುಟ್ಟಿ, ಇನ್ನು ಸಾಕೆಂಬ ಮನಸ್ಸಿನಿಂದ ಕೋಟೆಯ ಬಂಡೆಗಳ ಕಡೆಗೆ ಹೋದರಂತೆ. ಅಲ್ಲಿ ಒಂದು ಕೋತಿಯು ಕಡಿದಾದ ಕಲ್ಲನ್ನು ಸರಸರನೆ ಏರುತ್ತಿದ್ದುದು ಕಣ್ಣಿಗೆ ಬಿತ್ತು. ಅದು ಎಲ್ಲಿ ಕೈಯಿಟ್ಟಿತು, ಎಲ್ಲಿ ಕಾಲೂರಿತು ಎಂಬುದನ್ನು ನೋಡಿ ತಾವೂ ಹಾಗೆಯೇ ಏರಿದರು. ನೋಡಿದ ಜನ ಕೈ ತಟ್ಟಿದರು. ಸಾಯಬೇಕೆಂದು ಬಂದವರು ಬದುಕುವ ದಾರಿಯನ್ನು ಹಿಡಿದು ಹಿಂದಿರುಗಿದರು.

ಈ ಕಥೆಯನ್ನು ಕೇಳಿದವರು ಸಾಮಾನ್ಯವಾಗಿ ಕೋತಿಯನ್ನು ಹೊಗಳಿ ಸುಮ್ಮನಾಗುವರು. ನಮಗೆ ಮುಖ್ಯವಾಗಿ ತೋರುವುದು ಅದರ ಮುಂದಿನ ಭಾಗ. ಒಂದು ದಿನ ಹತ್ತಿದವನು ಕೋತಿರಾಜನಾಗುವುದಿಲ್ಲ. ದಿನವೂ ಹತ್ತಬೇಕು, ಬಿದ್ದು ಮೂಳೆ ಮುರಿದುಕೊಳ್ಳಬೇಕು, ಕೂಡಿದ ಮೇಲೆ ಮತ್ತೆ ಹತ್ತಬೇಕು. ಜ್ಯೋತಿರಾಜರು ಇವೆಲ್ಲವನ್ನೂ ಕಂಡವರು. ಹಗ್ಗವಿಲ್ಲದೆ, ಕೆಳಗೆ ಬಲೆಯಿಲ್ಲದೆ ಕೋಟೆಯ ಗೋಡೆಯನ್ನೇರಿ, ತಲೆಕೆಳಗಾಗಿ ಜೋತು, ನೋಡುವವರ ಎದೆಯನ್ನು ಬಾಯಿಗೆ ತಂದು ಇಳಿಯುವ ಅವರ ಆಟವು ದೇಶದಲ್ಲೆಲ್ಲ ಹೆಸರಾಯಿತು. ಅವರ ಬಾಳನ್ನು ಕುರಿತು ಒಂದು ಕನ್ನಡ ಚಲಚ್ಚಿತ್ರವೂ ಬಂದಿತು. ಹುಡುಗರಿಗೆ ಈ ವಿದ್ಯೆಯನ್ನು ಕಲಿಸಿದ್ದೂ ಉಂಟು.

ನಾವು ಅಂತಹ ಒಂದು ಗೋಡೆಯ ಬುಡಕ್ಕೆ ಹೋಗಿ ನಿಂತೆವು. ಮುಟ್ಟಿ ನೋಡಿದಾಗ ಕಲ್ಲು ನುಣುಪಾಗಿಲ್ಲ. ಅಕ್ಕಿಯ ನುಚ್ಚನ್ನು ಅಂಟಿಸಿದಂತೆ ತರಿತರಿಯಾಗಿದೆ. ಕಲ್ಲು ಕಲ್ಲುಗಳ ಕೂಡಿಕೆಯಲ್ಲಿ ಬೆರಳ ತುದಿ ಹೋಗುವಷ್ಟು ಎಡೆಯಿದೆ. ಕೆಲವೆಡೆ ಅದೂ ಇಲ್ಲ. ಹತ್ತುವ ವಿದ್ಯೆಯ ಮೊದಲ ಸೂತ್ರವನ್ನು ಬಲ್ಲವರು ಹೀಗೆ ಹೇಳುವರು: ಎರಡು ಕೈ, ಎರಡು ಕಾಲು, ಈ ನಾಲ್ಕರಲ್ಲಿ ಮೂರು ಭದ್ರವಾಗಿ ನಿಂತ ಮೇಲೆಯೇ ನಾಲ್ಕನೆಯದನ್ನು ಕದಲಿಸಬೇಕು. ಮೈಯ ಭಾರವನ್ನು ಹೊರುವುದು ಕಾಲು. ಕೈಯಿರುವುದು ಮೈಯನ್ನು ಗೋಡೆಗೆ ಹತ್ತಿರ ಹಿಡಿಯುವುದಕ್ಕೆ. ಕೈಯಿಂದಲೇ ಮೇಲಕ್ಕೆ ಎಳೆದುಕೊಳ್ಳ ಹೊರಟವನು ಅರ್ಧ ದಾರಿಯಲ್ಲಿ ಬೆರಳು ಸೋತು ನಿಲ್ಲುವನು. ಮಳೆ ಬಿದ್ದು ಪಾಚಿ ಕಟ್ಟಿದ ಕಲ್ಲನ್ನು ಎಷ್ಟೇ ಗಟ್ಟಿಗನಾದರೂ ನಂಬುವಂತಿಲ್ಲ. ಆದ್ದರಿಂದ ಹತ್ತುವವನ ಕಣ್ಣು ಗೋಡೆಯ ತುದಿಯನ್ನು ನೋಡುವುದಿಲ್ಲ. ಮುಂದಿನ ಒಂದು ಹಿಡಿಯನ್ನು ನೋಡುವುದು.

ಹುಡುಗನು ತನ್ನ ಹಿಮದ ವೀರರನ್ನು ಮರೆತಿರಲಿಲ್ಲ. ಅವರಿಗೂ ಇವರಿಗೂ ಏನು ಸಂಬಂಧವೆಂದು ಕೇಳಿದನು. ಏಕನಾಥೇಶ್ವರಿಯ ಗುಡಿಯ ಸಮೀಪದ ನೆರಳಿನಲ್ಲಿ ಬುತ್ತಿ ಬಿಚ್ಚಿಕೊಂಡು ಕುಳಿತು, ನಮಗೆ ತಿಳಿದ ಮಟ್ಟಿಗೆ ಹೇಳಿದೆವು. ಅದನ್ನು ಇಲ್ಲಿಯೂ ಬರೆಯುವುದು ಅಪ್ರಸ್ತುತವಾಗಲಾರದು.

ಈ ಕಡಿದಾದ ಹಿಮಜಾರಾಟವನ್ನು ಲೋಕಕ್ಕೆ ತೋರಿಸಿಕೊಟ್ಟವರಲ್ಲಿ ಮುಖ್ಯನು ಸ್ವಿಟ್ಸರ್ಲೆಂಡಿನ ಸಿಲ್ವೆನ್ ಸೋದಾನ್. 1967ರಲ್ಲಿ ಫ್ರಾನ್ಸಿನ ಶಾಮೋನಿಯ ಬಳಿ, ಸುಮಾರು 55 ಡಿಗ್ರಿ ಓರೆಯಾದ ಒಂದು ಹಿಮದ ಕೊರಕಲನ್ನು ಸ್ಕೀ ಹಲಗೆಗಳ ಮೇಲೆ ಇಳಿದನು. ನಮ್ಮ ಮನೆಗಳ ಮಹಡಿಯ ಮೆಟ್ಟಿಲಿನ ಓರೆಯು ಸಾಮಾನ್ಯವಾಗಿ 30ರಿಂದ 35 ಡಿಗ್ರಿ ಎಂದರೆ, ಈ ಇಳಿಜಾರಿನ ಅಂದಾಜು ಗೃಹಿಣಿಯರಿಗೂ ಆಗಬಹುದು. ಅಲ್ಲಿ ಬಿದ್ದವನು ನಡುವೆ ಎಲ್ಲಿಯೂ ನಿಲ್ಲುವುದಿಲ್ಲ. ಜನರು ಅವನನ್ನು ಅಸಾಧ್ಯವನ್ನು ಜಾರುವವನೆಂದು ಕರೆದರು. 1977ರಲ್ಲಿ ಅವನು ನಮ್ಮ ಹಿಮಾಲಯಕ್ಕೇ ಬಂದು, 7,135 ಮೀಟರ್ ಎತ್ತರದ ನುನ್ ಶಿಖರದಿಂದ ಇಳಿದನು. 1982ರಲ್ಲಿ ಕಾರಾಕೋರಮ್ ಸಾಲಿನಲ್ಲಿ 8,000 ಮೀಟರಿಗೂ ಮೀರಿದ ಒಂದು ಶಿಖರದ ನೆತ್ತಿಯಿಂದ ಇಳಿದನು. ಮುಂದೆ ಗುಲ್ಮಾರ್ಗಕ್ಕೆ ಜನರನ್ನು ಕರೆತಂದು ಹಿಮಜಾರಾಟ ಮಾಡಿಸುವುದನ್ನೂ ಕಸುಬು ಮಾಡಿಕೊಂಡಿದ್ದನು. ಇಷ್ಟೆಲ್ಲ ಮಾಡಿದವನು 2024ರಲ್ಲಿ ತೀರಿಕೊಂಡಾಗ ಅವನಿಗೆ 87 ವರ್ಷ.

“ಅಷ್ಟು ವಯಸ್ಸಾಗೋ ತನಕ ಬೀಳಲೇ ಇಲ್ವಾ?” ಎಂದನು ಹುಡುಗ. ಈ ಪ್ರಶ್ನೆಯಲ್ಲಿಯೇ ಕಸುಬಿನ ಗುಟ್ಟು ಅಡಗಿದೆ. ಆ ಇಳಿಜಾರಿನಲ್ಲಿ ಹಲಗೆಯನ್ನು ತಿರುಗಿಸುವುದೆಂದರೆ, ಪ್ರತಿ ಸಲವೂ ಮೈಯನ್ನು ಹಿಮದಿಂದ ಮೇಲಕ್ಕೆತ್ತಿ, ಗಾಳಿಯಲ್ಲಿಯೇ ಹೊರಳಿ, ಹಲಗೆಯ ಉಕ್ಕಿನ ಅಂಚನ್ನು ಮತ್ತೆ ಹಿಮಕ್ಕೆ ಕಚ್ಚಿಸುವುದು. ಹಿಮವು ಬೆಳಿಗ್ಗೆ ಕಲ್ಲಿನಂತೆ ಗಡುಸು, ಬಿಸಿಲೇರಿದಂತೆ ಮೆತ್ತಗೆ, ಇನ್ನೂ ಏರಿದರೆ ರಾಶಿರಾಶಿಯಾಗಿ ಕುಸಿಯುವುದು. ಆದಕಾರಣ ಬಲ್ಲವರು ತಾವು ಇಳಿಯಬೇಕಾದ ದಾರಿಯನ್ನು ಸಾಧ್ಯವಾದಾಗಲೆಲ್ಲ ಮೊದಲು ಕಾಲ್ನಡಿಗೆಯಲ್ಲಿ ಹತ್ತಿ, ಹಿಮವನ್ನು ಮುಟ್ಟಿ ಪರೀಕ್ಷಿಸುವರು. ಹದ ಸರಿಯಿಲ್ಲದಿದ್ದರೆ ಆಡದೆ ಹಿಂದಿರುಗುವರು. ನಾವು ಚಿತ್ರದಲ್ಲಿ ನೋಡುವುದು ಎರಡು ನಿಮಿಷದ ಇಳಿತ. ಅದರ ಹಿಂದಿನ ಹತ್ತುವಿಕೆ, ಕಾಯುವಿಕೆ, ಹಿಂದಿರುಗುವಿಕೆಗಳನ್ನು ಯಾರೂ ಚಿತ್ರ ತೆಗೆಯುವುದಿಲ್ಲ.

ಎಚ್ಚರವಿದ್ದವರಿಗೆಲ್ಲ ದೀರ್ಘಾಯುಷ್ಯವೆಂದು ಹೇಳಿಬಿಟ್ಟರೆ ಅದೂ ಸುಳ್ಳಾಗುವುದು. ಸ್ಲೊವೇನಿಯಾ ದೇಶದ ದಾವೋ ಕರ್ನಿಚಾರ್ ಎಂಬಾತನು 2000ದಲ್ಲಿ ಎವರೆಸ್ಟಿನ ತುದಿಯಿಂದ ಬುಡದ ಬಿಡಾರದವರೆಗೆ ಹಲಗೆ ಬಿಚ್ಚದೆ ಜಾರಿ ಇಳಿದನು. ಅವನು 2019ರಲ್ಲಿ ಸತ್ತದ್ದು ತನ್ನ ಊರಿನಲ್ಲಿ ಮರ ಕಡಿಯುವಾಗ. ಮೃತ್ಯುವು ಎಲ್ಲಿ ಕಾದಿರುವುದೆಂದು ಬಲ್ಲವರಾರು?

ಊಟವಾಯಿತು. ಕೈ ತೊಳೆದು ನಾವು ಒಂದು ಕಲ್ಲಿಗೊರಗಿದೆವು. ತುಪ್ಪದ ಕೊಳವೆಂಬ ಬತೇರಿಗೆ ಹೋಗುವ ಬಂಡೆಯು ಆ ಬೆಟ್ಟದಲ್ಲಿ ಬಹು ಕಡಿದಾದುದು. ಅದರಲ್ಲಿ ಮೆಟ್ಟಿಲುಗಳಿಲ್ಲ, ಅಂಗಾಲಿನ ಮುಂಭಾಗವನ್ನು ಊರುವಷ್ಟು ಸಣ್ಣ ಗುಳಿಗಳನ್ನು ಕಲ್ಲಿನಲ್ಲಿ ಕಡಿದಿದ್ದಾರೆ. ನಾವು ಕಣ್ಣು ತೆರೆದು ನೋಡಿದಾಗ ಹುಡುಗ ಪಕ್ಕದಲ್ಲಿಲ್ಲ. ಎದ್ದು ಹುಡುಕಿಕೊಂಡು ಹೋದರೆ, ಆ ಬಂಡೆಯ ಅರ್ಧ ಎತ್ತರದಲ್ಲಿ ಅವನ ನೀಲಿ ಅಂಗಿ ಕಾಣಿಸಿತು. ಏರಿದ್ದೇನೋ ಏರಿದ್ದ, ಅಲ್ಲಿಂದ ತಿರುಗಿ ಕೆಳಗೆ ನೋಡಿದ್ದಾನೆ. ನೋಡಿದ್ದೇ ತಡ, ಮೇಲಕ್ಕೂ ಹೋಗಲಾರ, ಕೆಳಕ್ಕೂ ಬರಲಾರ. ಬಂಡೆಗೆ ಬೆನ್ನು ಕೊಟ್ಟು ಕುಕ್ಕರಿಸಿ ಕುಳಿತು, “ತಾತಾ” ಎಂದು ಕೂಗಿದನು. ಆ ಕೂಗಿನಲ್ಲಿ ಬೆಳಗಿನ ಹುರುಪು ಲವಲೇಶವೂ ಇರಲಿಲ್ಲ.

ನಮ್ಮ ಕೈಕಾಲುಗಳಲ್ಲಿಯೂ ಬಲವಿಲ್ಲದಂತಾಯಿತು. ಮನೆಯ ಬಾಗಿಲಲ್ಲಿ ನಿಂತು ಎರಡು ಸಲ ಹೇಳಿದ ಅಕ್ಕನ ಮುಖವೇ ಕಣ್ಣೆದುರು ಬಂದಿತು. ಮಗುವಿನ ತಲೆಯನ್ನು ಸಾಹಸದ ಕಥೆಗಳಿಂದ ತುಂಬಿದವರು ನಾವು. ಕಥೆ ಮುಗಿಸಿ ನಿದ್ದೆ ಹೋದವರೂ ನಾವೇ. ಕೆಳಗೆ ಕೆಲವರು ಕೂಡಿದರು. ಒಬ್ಬ ತರುಣನು ಮೊಬೈಲನ್ನು ಎತ್ತಿ ಹಿಡಿದು ಚಿತ್ರ ತೆಗೆಯಲಾರಂಭಿಸಿದನು. ಮತ್ತೊಬ್ಬನು, “ಎದ್ದು ಬಾರೋ, ಹೆದರಬೇಡ” ಎಂದು ಕೂಗಿದನು. ಎದ್ದಿದ್ದರೆ ಏನಾಗುತ್ತಿತ್ತೋ ನೆನೆಯಲು ಈಗಲೂ ಧೈರ್ಯವಿಲ್ಲ.

ಅಷ್ಟರಲ್ಲಿ ದುರ್ಗದವರೇ ಆದ ಒಬ್ಬ ಹಿರಿಯರು, ಹೆಗಲಿನ ಟವಲನ್ನು ಸೊಂಟಕ್ಕೆ ಬಿಗಿದು, ಎಲ್ಲರನ್ನೂ ಸುಮ್ಮನಿರಿಸಿದರು. ಚಪ್ಪಲಿ ಬಿಟ್ಟು, ನಿಧಾನವಾಗಿ ಹುಡುಗನ ಕೆಳಗಿನ ಗುಳಿಯವರೆಗೆ ಹತ್ತಿದರು. “ಕೆಳಗೆ ನೋಡಬ್ಯಾಡಪ್ಪ. ನನ್ನ ದನಿ ಕೇಳು. ಬಂಡೆ ಕಡೆ ಮಖ ಮಾಡು, ಬೆನ್ನು ನಮ್ಮ ಕಡೆ ಇರಲಿ. ಈಗ ಎಡಗಾಲು ಬಿಡು. ನಾನು ಹಿಡಕೊಂಡಿದೀನಿ” ಎಂದರು. ಹುಡುಗ ತಿರುಗಿದನು. ಅವರು ಅವನ ಹಿಮ್ಮಡಿಯನ್ನು ಹಿಡಿದು ಗುಳಿಯಲ್ಲಿ ಕೂರಿಸಿದರು, ಆಮೇಲೆ ಬಲಗಾಲನ್ನು, ಮತ್ತೆ ಎಡಗಾಲನ್ನು. ಹೀಗೆ ಒಂದೊಂದೇ ಗುಳಿಯಾಗಿ ಇಳಿಸಿ ತಂದರು. ಕಾಲು ನೆಲಕ್ಕೆ ಮುಟ್ಟಿದ ಮೇಲೆ ಹುಡುಗನು ನಮ್ಮ ಪಂಚೆಯನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಹಿರಿಯರು ಹಣವನ್ನು ಮುಟ್ಟಲಿಲ್ಲ. “ಹತ್ತೋದು ಎಲ್ಲಾ ಹುಡುಗ್ರಿಗೂ ಬರ್ತದೆ ಸ್ವಾಮಿ. ಇಳಿಯೋದು ಕಲಿಸಬೇಕು” ಎಂದು ಮಾತ್ರ ಹೇಳಿ, ಟವಲನ್ನು ಕೊಡವಿಕೊಂಡು ಹೊರಟುಹೋದರು. ಹಿಮದ ನಾಡಿನವರ ಇಳಿಯುವ ವಿದ್ಯೆಯನ್ನು ಕುರಿತು ಅರ್ಧ ಗಂಟೆ ಉಪನ್ಯಾಸ ಮಾಡಿದ್ದ ನಮಗೆ ಈ ಮಾತು ಚೆನ್ನಾಗಿ ನಾಟಿತು.

ಹಿಂದಿರುಗುವ ದಾರಿಯಲ್ಲಿ ನಮ್ಮ ಆಲೋಚನೆಯು ಆ ಮೊಬೈಲು ಹಿಡಿದ ತರುಣನ ಕಡೆಗೆ ಹೋಗುತ್ತಿತ್ತು. ಅವನು ಕೆಟ್ಟವನಲ್ಲ, ನಮ್ಮ ಹಾಗೆಯೇ ನೋಡುವವನು. ಆಟವು ನಡೆಯುತ್ತಿರುವ ತನಕ ನೋಡುವವರ ಕರ್ತವ್ಯವೇನೆಂದು ಯಾರೂ ಕೇಳುವುದಿಲ್ಲ. ಆದರೆ ಇಳಿಯಲಾರದೆ ಸಿಕ್ಕಿಕೊಂಡವನಿಗೆ ಬೇಕಾದದ್ದು ಚಪ್ಪಾಳೆಯಲ್ಲ, ಹಿಮ್ಮಡಿ ಹಿಡಿಯುವ ಒಂದು ಕೈ.

ಈ ದೃಷ್ಟಿಯಿಂದ ನೋಡಿದಾಗ ಜ್ಯೋತಿರಾಜರ ಬಾಳಿನಲ್ಲಿ ಕೋಟೆಯ ಆಟಕ್ಕಿಂತ ದೊಡ್ಡದಾದ ಒಂದು ಕೆಲಸವಿದೆ. ಶರಾವತಿಯು 253 ಮೀಟರ್ ಆಳಕ್ಕೆ ಧುಮುಕುವ ಜೋಗದ ಬಂಡೆಗಳನ್ನು ಅವರು ಹತ್ತಿದ್ದಾರೆ. ಅದನ್ನು ಪತ್ರಿಕೆಗಳು ಸಾಹಸವೆಂದು ಬರೆದವು. ಆದರೆ ಅದೇ ಕಮರಿಗೆ ಅವರು ಬೇರೊಂದು ಕಾರಣಕ್ಕಾಗಿಯೂ ಇಳಿದಿದ್ದಾರೆ. ಅಲ್ಲಿ ಬಿದ್ದು ಸತ್ತವರ ದೇಹಗಳನ್ನು ಹುಡುಕಿ ಮೇಲಕ್ಕೆ ತರುವ ಕೆಲಸಕ್ಕೆ ಅವರನ್ನು ಕರೆಯುವುದುಂಟು. ಮಗನೋ ಗಂಡನೋ ಇನ್ನಿಲ್ಲವೆಂದು ತಿಳಿದರೂ, ಮಣ್ಣು ಮಾಡಲು ದೇಹವಾದರೂ ಸಿಕ್ಕಲೆಂದು ದಡದಲ್ಲಿ ಕಾದು ಕುಳಿತ ಮನೆಯವರ ಸಂಕಟವನ್ನು ಅನುಭವಿಸಿದವರೇ ಬಲ್ಲರು. 2018ರ ಆರಂಭದಲ್ಲಿ ಹೀಗೆ ಒಬ್ಬರನ್ನು ಹುಡುಕಲು ಇಳಿದ ಜ್ಯೋತಿರಾಜರು ತಾವೇ ಕಾಣದಾದರು. ಒಂದು ರಾತ್ರಿಯೆಲ್ಲ ಸುದ್ದಿಯಿಲ್ಲ. ನಾಡಿನ ಜನ ಆಸೆಯನ್ನು ಬಿಟ್ಟಿದ್ದರು. ಮರುದಿನ ಅವರು ಜೀವಂತವಾಗಿ ಸಿಕ್ಕಿ, ಅವರನ್ನು ಮೇಲಕ್ಕೆ ತಂದರು.

ದೂರದ ಹಿಮದ ನಾಡಿನಲ್ಲಿಯೂ ಇಂತಹುದೇ ಒಂದು ಸಂಗತಿ ನಡೆದಿದೆ. ಅದರ ಕೊನೆ ಮಾತ್ರ ಬೇರೆ. ಡಗ್ ಕೂಂಬ್ಸ್ ಎಂಬ ಅಮೆರಿಕದವನು ಅಲಾಸ್ಕದಲ್ಲಿ ಈ ಕಡಿದಾದ ಜಾರಾಟದ ವಿಶ್ವಸ್ಪರ್ಧೆಯನ್ನು ಎರಡು ಸಲ ಗೆದ್ದವನು. ಬಳಿಕ ಪರ್ವತಗಳಲ್ಲಿ ಜನರಿಗೆ ದಾರಿ ತೋರಿಸುವ ವೃತ್ತಿಯಲ್ಲಿದ್ದನು. 2006ರ ಏಪ್ರಿಲಿನಲ್ಲಿ ಫ್ರಾನ್ಸಿನ ಲಾ ಗ್ರಾವ್ ಎಂಬಲ್ಲಿ ಅವನ ಜೊತೆಯ ಗೆಳೆಯನು ಜಾರಿ ಬಂಡೆಯ ಆಚೆಗೆ ಬಿದ್ದನು. ಅವನಿಗೇನಾಯಿತೆಂದು ನೋಡಲು ಅಂಚಿಗೆ ಹೋದ ಕೂಂಬ್ಸನೂ ಜಾರಿ ಬಿದ್ದು ಪ್ರಾಣ ಬಿಟ್ಟನು. ಅವನ ಕೀರ್ತಿಯೆಲ್ಲವೂ ಗೆಲವುಗಳಿಂದ ಬಂದದ್ದು. ಅವನ ಕೊನೆಯ ಹೆಜ್ಜೆ ಮಾತ್ರ ಬಿದ್ದವನ ಕಡೆಗೆ ಇಟ್ಟ ಹೆಜ್ಜೆ.

ಹಿಮದ ನಾಡಿನಲ್ಲಿ ಇಂತಹ ಕಸುಬುಳ್ಳವರಿಗೆ ಹಲಗೆ ಮಾಡುವ ಕಂಪೆನಿಗಳ ನೆರವಿದೆ; ಚಲಚ್ಚಿತ್ರ ತೆಗೆಯುವವರಿದ್ದಾರೆ; ದಾರಿ ತೋರಿಸಿ ಸಂಪಾದಿಸುವ ವ್ಯವಸ್ಥೆಯಿದೆ. ನಮ್ಮಲ್ಲಿ ಬಂಡೆ ಹತ್ತುವವನಿಗೆ ತಿಂಗಳ ಸಂಬಳವೆಂಬುದಿಲ್ಲ. ಕೈ ತಟ್ಟಿದವರಲ್ಲಿ ಎಷ್ಟು ಮಂದಿ ಜೇಬಿಗೆ ಕೈ ಹಾಕುವರೋ ದೇವರೇ ಬಲ್ಲ. ಬೆರಳು ಸೋಲುವ ವಯಸ್ಸು ಎಲ್ಲರಿಗೂ ಬರುವುದು. ಕಮರಿಗೆ ಇಳಿಯಬಲ್ಲವರು ಬೇಕೆಂದು ಕಷ್ಟಕಾಲದಲ್ಲಿ ನೆನೆಯುವ ನಾವು, ಅವರ ಕಷ್ಟಕಾಲದಲ್ಲಿಯೂ ಅವರನ್ನು ನೆನೆಯುವುದು ನ್ಯಾಯ. ನಮ್ಮ ಮಕ್ಕಳು ಹತ್ತುವ ಹುಚ್ಚಿಗೆ ಬಿದ್ದರೆ, ಬೇಡವೆಂದು ಎರಡು ಸಲ ಹೇಳಿದರೆ ಸಾಲದೆಂಬುದೂ ನಮಗೆ ಈಗ ತಿಳಿದಿದೆ. ಹಗ್ಗ ಕಟ್ಟಿ, ಬಲ್ಲವರ ಕಣ್ಣೆದುರಿನಲ್ಲಿ, ಇಳಿಯುವುದನ್ನು ಮೊದಲು ಕಲಿಸುವವರ ಬಳಿಗೆ ಅವರನ್ನು ಕಳುಹಿಸಬೇಕು.

ಹಿರಿಯೂರು ದಾಟುವ ಹೊತ್ತಿಗೆ ಕತ್ತಲಾಗಿತ್ತು. ಜವನಗೊಂಡನಹಳ್ಳಿಯಲ್ಲಿ ಬಸ್ಸಿಳಿದು ಮನೆಯ ಕಡೆಗೆ ನಡೆಯುವಾಗ ಹುಡುಗನು ಮೆಲ್ಲಗೆ, “ಅಜ್ಜಿಗೆ ಹೇಳ್ತೀರಾ, ತಾತ?” ಎಂದು ಕೇಳಿದನು. ಹೇಳುವುದೋ ಬಿಡುವುದೋ ನಮಗೂ ತೋಚಲಿಲ್ಲ. ಬಾಗಿಲಲ್ಲಿ ದೀಪ ಹಿಡಿದು ನಿಂತಿದ್ದ ಅಕ್ಕನು ಹುಡುಗನ ಮೊಣಕಾಲಿನ ತರಚುಗಾಯವನ್ನು ನೋಡಿದಳು. ನಮ್ಮ ಮುಖವನ್ನೂ ನೋಡಿದಳು. ಏನನ್ನೂ ಕೇಳಲಿಲ್ಲ. ಒಳಗೆ ಹೋಗಿ ಅರಿಸಿನ ತಂದು ಗಾಯಕ್ಕೆ ಹಚ್ಚಿ, “ಕಾಲು ತೊಳಕಂಡು ಬರ್ರಿ, ಮುದ್ದೆ ಆರ್ತದೆ” ಎಂದಳು.

ಊಟಕ್ಕೆ ಕುಳಿತ ಮೇಲೆ, ಮೂರನೆಯ ತುತ್ತಿಗೆ, ಹುಡುಗನು ತಾನೇ ಎಲ್ಲವನ್ನೂ ಹೇಳಿಬಿಟ್ಟನು.